ಹಳೇ ತುಂಡೇ ನಮ್ಮ ಡ್ರಾಯಿಂಗ್: ದಾವಣಗೆರೆಯ ಶೆಡ್ಡಿನಲ್ಲಿ ಒಂದು ಪುಷ್ಪಕ್

ನಮ್ಮ ಶೆಡ್ಡಿಗೆ ವಿಮಾನ ಬಂದದ್ದು ಲಾರಿಯಲ್ಲಿ. ಒಂದರಲ್ಲಿ ಮೈ, ಇನ್ನೊಂದರಲ್ಲಿ ರೆಕ್ಕೆ, ಜೊತೆಗೆ ಆರು ಗೋಣಿಚೀಲದ ತುಂಬ ತುಕ್ಕು ಹಿಡಿದ ಸಾಮಾನು. ಇಳಿಸಿದ ದಿನವೇ ಹುಡುಗರು ಆ ಚೀಲಗಳನ್ನು ಗುಜರಿಗೆ ಹಾಕೋಣ ಅಂದರು. ಬೇಡ, ಅಟ್ಟಕ್ಕೆ ಏರಿಸಿ ಅಂದೆ. ಮೂರು ವರ್ಷ ಕೆಲಸ ಮಾಡಿದ ಮೇಲೆ ಹೇಳುತ್ತಿದ್ದೇನೆ, ಇಡೀ ಕೆಲಸ ನಿಂತದ್ದು ಆ ಆರು ಚೀಲದ ಮೇಲೆ.

ವಿಮಾನದ ಹೆಸರು ಪುಷ್ಪಕ್. ಬೆಂಗಳೂರಿನ ಎಚ್‌ಎಎಲ್ ಕಟ್ಟಿದ್ದು. ಮೊದಲ ಸಲ ಹಾರಿದ್ದು 1958ರ ಸೆಪ್ಟೆಂಬರ್ 28ರಂದು. ಅಮೆರಿಕದ ಏರೋಂಕಾ ಚೀಫ್ ಅನ್ನೋ ವಿಮಾನದ ಮಾದರಿ ಇಟ್ಟುಕೊಂಡು ಮಾಡಿದ್ದು. ಅಕ್ಕಪಕ್ಕ ಎರಡೇ ಸೀಟು, ಮುಂದೆ 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್, ಬಾಲದ ಕೆಳಗೆ ಪುಟ್ಟ ಚಕ್ರ. ನಮ್ಮ ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ಜನ ವಿಮಾನ ಕಲಿತದ್ದು ಇದರಲ್ಲೇ. ಇದರ ಮೈ ಅಂದರೆ ತೆಳು ಸ್ಟೀಲ್ ಪೈಪಿನ ಪಂಜರ, ಅದರ ಮೇಲೆ ಬಟ್ಟೆ. ಹೌದು, ಬಟ್ಟೆ. ನೋಡೋಕೆ ಬಂದವರು ಮೈ ಮುಟ್ಟಿ ನೋಡಿದ ಮೇಲೇ ನಂಬೋದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದನ್ನು ಹಾರಿಸೋದಿಲ್ಲ. ಒಂದು ಕಾಲೇಜಿನ ಒಳಾಂಗಣದಲ್ಲಿ ಮಕ್ಕಳು ನೋಡಿ ಕಲಿಯಲಿ ಅಂತ ನಿಲ್ಲಿಸೋಕೆ ಮಾಡಿದ್ದು. ಹಾರಿಸಬೇಕು ಅಂದರೆ ವಿಮಾನಗಳ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಡಿಜಿಸಿಎ ಒಪ್ಪಿಗೆ ಬೇಕು, ಲೈಸೆನ್ಸ್ ಇರುವ ಎಂಜಿನಿಯರ್ ಸಹಿ ಬೇಕು, ಹಾಕಿದ ಪ್ರತಿ ಪೈಪಿಗೂ ಬೋಲ್ಟಿಗೂ ಕಾಗದ ಬೇಕು. ಅದು ನನ್ನಂಥ ಲೇತ್ ಅಂಗಡಿಯವನ ಕೆಲಸ ಅಲ್ಲ. ಆದರೆ ಹಾರೋದಿಲ್ಲ ಅಂತ ಸುಳ್ಳು ಕೆಲಸ ಮಾಡೋದು ಬೇಡ ಅಂತ ಮೊದಲ ದಿನವೇ ನಿರ್ಧರಿಸಿದ್ದೆವು. ಮಕ್ಕಳು ನೋಡೋದು ನಿಜವಾದ ಜೋಡಣೆ ಆಗಿರಬೇಕು, ಅಲ್ವಾ?

ಮೊದಲು ಕೈ ಹಾಕಿದ್ದು ಪಂಜರಕ್ಕೆ. ಬಾಲದ ಚಕ್ರದ ಮೇಲೆ ನಿಲ್ಲುವ ವಿಮಾನದಲ್ಲಿ ನೀರೆಲ್ಲ ಇಳಿದು ಹಿಂದಕ್ಕೆ ಹೋಗಿ ಕೂರುತ್ತದೆ. ಹಾಗಾಗಿ ಕೆಳಗಿನ ಎರಡು ಉದ್ದ ಪೈಪುಗಳು, ಲಾಂಜರಾನ್ ಅಂತಾರೆ, ಬಾಲದ ಹತ್ತಿರ ಒಳಗಿನಿಂದಲೇ ತುಕ್ಕು ತಿಂದಿರುತ್ತವೆ. ಹೊರಗೆ ಬಣ್ಣ ಚೆನ್ನಾಗೇ ಇರುತ್ತದೆ. ಪೈಪಿನ ಗೋಡೆ ಒಂದು ಮಿಲಿಮೀಟರಿಗಿಂತ ತೆಳು. ಸೆಂಟರ್ ಪಂಚ್ ಅನ್ನೋ ಮೊನಚು ಮೊಳೆಯಂಥ ಉಪಕರಣ ಇಟ್ಟು ಹಗುರಕ್ಕೆ ತಟ್ಟುತ್ತಾ ಹೋದೆ. ಒಳ್ಳೆ ಕಡೆ ಟಣ್ ಅನ್ನುತ್ತಿತ್ತು. ಬಾಲ ಇನ್ನು ಎರಡು ಅಡಿ ಇದೆ ಅನ್ನುವಾಗ ದನಿ ಮಂಕಾಯ್ತು, ಇನ್ನೊಂದು ಗೇಣು ಮುಂದೆ ಹೋದರೆ ಪಂಚ್ ಒಳಗೇ ಇಳಿಯಿತು. ತೂತಿನಿಂದ ಕಾಫಿಪುಡಿ ಹಾಗೆ ತುಕ್ಕು ಸುರಿಯಿತು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಪಂಜರವನ್ನು ಬಿಗಿಯಾಗಿ ಹಿಡಿದಿಡದೆ ಎರಡು ಕಡೆ ಪೈಪ್ ಕತ್ತರಿಸಿದೆ. ಅಷ್ಟು ವರ್ಷ ಬೆಸುಗೆಯೊಳಗೆ ಅಡಗಿದ್ದ ಎಳೆತ ಬಿಟ್ಟುಕೊಂಡಿತು. ಕಣ್ಣಿಗೆ ಏನೂ ಗೊತ್ತಾಗಲಿಲ್ಲ. ಗಾರೆ ಕೆಲಸದವರ ತೂಕದ ಗುಂಡು ತಂದು ಮುಂದೊಂದು ಹಿಂದೊಂದು ಇಳಿಬಿಟ್ಟು ನೋಡಿದರೆ ಬಾಲ 11 ಮಿಲಿಮೀಟರ್ ಪಕ್ಕಕ್ಕೆ ತಿರುಗಿದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಹರಿಹರಕ್ಕೆ ಹೋದೆ. ಅಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಕೆಲಸ ಮಾಡಿದ ಒಬ್ಬ ಅಜ್ಜಾರಿದ್ದಾರೆ. 1941ರಲ್ಲಿ ಶುರುವಾದ ಆ ಕಾರ್ಖಾನೆಯ ಲೇತ್ ಇಡೀ ದೇಶಕ್ಕೆ ಹೋಗುತ್ತಿತ್ತು, ನನ್ನ ಅಂಗಡಿಯಲ್ಲಿ ಇರೋದೂ ಅದೇ. ಕಾರ್ಖಾನೆ ಮುಚ್ಚಿ ವರ್ಷಗಳಾದವು, ಆದರೆ ಅಲ್ಲಿ ಕಲಿತ ಕೈಗಳು ಇನ್ನೂ ನಮ್ಮ ನಡುವೆ ಇವೆ. ಅಜ್ಜಾರು ಬಂದು ಪಂಜರದ ಸುತ್ತ ಒಂದು ಸುತ್ತು ಹಾಕಿ, "ಮೊದ್ಲು ಕಟ್ಟಬೇಕಪ್ಪಾ, ಆಮೇಲೆ ಕೊಯ್ಯಬೇಕು" ಅಂದರು. ಅಷ್ಟೇ. ಮುಂದಿನ ಎರಡು ವಾರ ಚಾನೆಲ್ ಕಬ್ಬಿಣದಲ್ಲಿ ನೆಲಕ್ಕೆ ಬೋಲ್ಟ್ ಹಾಕಿದ ಜಿಗ್, ಅಂದರೆ ಪಂಜರ ಅಲುಗದಂತೆ ಹಿಡಿದಿಡೋ ಚೌಕಟ್ಟು, ಕಟ್ಟಿದೆವು. ಒಳ್ಳೆ ಇದ್ದ ಮೇಲಿನ ಪೈಪುಗಳನ್ನು ಆಧಾರ ಮಾಡಿಕೊಂಡು ದಿನಕ್ಕೆ ಸ್ವಲ್ಪ ಸ್ವಲ್ಪ ಎಳೆದು ಬಾಲವನ್ನು ನೆಟ್ಟಗೆ ತಂದೆವು. ಆಮೇಲಿಂದ ಒಂದು ಸಲಕ್ಕೆ ಒಂದೇ ಪೈಪ್ ಕತ್ತರಿಸೋದು, ಅದು ಕೂತ ಮೇಲೇ ಇನ್ನೊಂದು.

ಪೈಪ್ ತರಿಸೋದರಲ್ಲೂ ಮೋಸ ಹೋದೆ. ಬೇಕಾದ್ದು 4130 ಕ್ರೋಮೋಲಿ, ಅಂದರೆ ಕ್ರೋಮಿಯಂ ಮಾಲಿಬ್ಡಿನಂ ಬೆರೆತ ಗಟ್ಟಿ ಸ್ಟೀಲು, ಅದೂ ಉದ್ದಕ್ಕೆ ಬೆಸುಗೆ ಜೋಡಿಲ್ಲದ ಪೈಪ್. ಬಂದ ಕಟ್ಟಿನ ಮೇಲೆ ಚೀಟಿ ಅದೇ ಇತ್ತು. ಒಂದು ತುಂಡು ಕತ್ತರಿಸಿ ಬೆಳಕಿಗೆ ಹಿಡಿದು ಒಳಗೆ ನೋಡಿದರೆ ಉದ್ದಕ್ಕೂ ಸಣ್ಣ ಗೆರೆ, ಬೆರಳಿಟ್ಟರೆ ಉಗುರಿಗೆ ತಗಲುತ್ತದೆ. ತಗಡು ಸುತ್ತಿ ಬೆಸೆದ ಪೈಪ್ ಅದು. ವಾಪಸ್ ಕಳಿಸಿದೆ, ಅರ್ಧ ದುಡ್ಡು ಮಾತ್ರ ಬಂತು. ಪೈಪ್ ಕೊಳ್ಳೋರು ತುದಿಯಿಂದ ಒಳಗೆ ಕಣ್ಣಿಟ್ಟು ನೋಡದೆ ದುಡ್ಡು ಕೊಡಬೇಡಿ.

ತೇಪೆ ಹಾಕೋ ರೀತಿ ಹೇಳಬೇಕು. ಕೊಳೆತ ಭಾಗ ತೆಗೆದು ಹೊಸ ತುಂಡು ಇಟ್ಟು, ಕೂಡುವ ಜಾಗದ ಮೇಲೆ ಸ್ವಲ್ಪ ದೊಡ್ಡ ಪೈಪಿನ ತೋಳು ಹಾಕುತ್ತೇವೆ. ಆ ತೋಳಿನ ತುದಿ ನೇರ ಕತ್ತರಿಸಬಾರದು, ಮೀನಿನ ಬಾಯಿ ತೆರೆದ ಹಾಗೆ ಓರೆಯಾಗಿ ಕತ್ತರಿಸಬೇಕು. ನೇರ ಕತ್ತರಿಸಿದರೆ ಬೆಸುಗೆ ಪೈಪಿನ ಸುತ್ತ ಬಳೆ ಹಾಗೆ ಒಂದೇ ಕಡೆ ಬರುತ್ತದೆ, ಕಾದು ದುರ್ಬಲವಾದ ಜಾಗವೂ ಒಂದೇ ಗೆರೆಯಲ್ಲಿ ಬರುತ್ತದೆ, ಮುರಿಯೋದು ಅಲ್ಲೇ. ಓರೆ ಆದರೆ ಭಾರ ಹಂಚಿಹೋಗುತ್ತದೆ. ಬೆಸುಗೆ ಗ್ಯಾಸಿನಲ್ಲೇ ಮಾಡಿದ್ದು, ಅಜ್ಜಾರ ಕೈಯಲ್ಲಿ. ಏಪ್ರಿಲ್ ತಿಂಗಳು, ನಮ್ಮ ಊರಿನ ಬಿಸಿಲು ಹೇಗಿರುತ್ತದೆ ಗೊತ್ತಲ್ಲ. ಆದರೂ ಅವರು ಮೊದಲು ಮಾಡಿದ್ದು ಫ್ಯಾನ್ ಆಫ್ ಮಾಡಿ ಬಾಗಿಲು ಎಳೆದದ್ದು. ಕ್ರೋಮೋಲಿಗೆ ಗಾಳಿ ಹೊಡೆದು ಬೇಗ ತಣ್ಣಗಾದರೆ ಗಡಸಾಗಿ ಬಿರುಕು ಬಿಡುತ್ತದೆ. ಬೆಸುಗೆ ಮುಗಿದ ಮೇಲೂ ಜ್ವಾಲೆಯನ್ನು ಸ್ವಲ್ಪ ಸ್ವಲ್ಪವೇ ದೂರ ಒಯ್ಯುತ್ತಾ, ಮಗು ಮಲಗಿಸಿದ ಹಾಗೆ ಅದನ್ನು ತಣಿಸುತ್ತಿದ್ದರು. ಕೊನೆಗೆ ಪೈಪಿನೊಳಗೆ ಬಿಸಿ ಅಗಸೆ ಎಣ್ಣೆ ಹುಯ್ದು, ತಿರುಗಿಸಿ, ಬಸಿದು, ತೂತು ಮುಚ್ಚಿದೆವು. ಹಳೇ ಕಾಲದ ಪದ್ಧತಿ, ಒಳಗೆ ತುಕ್ಕು ಹಿಡಿಯೋದಿಲ್ಲ.

ಇನ್ನು ಮೂತಿ. ಎಂಜಿನ್ ಮುಂದಿನ ಅಲ್ಯೂಮಿನಿಯಂ ಬಟ್ಟಲು, ಗಾಳಿ ಒಳಗೆ ಹೋಗೋ ಎರಡು ಕಣ್ಣು ಇರುತ್ತದಲ್ಲ, ಅದು. ನಮಗೆ ಸಿಕ್ಕಿದ್ದು ಐದು ತುಂಡಾಗಿ, ಒಂದೇ ಚೀಲದಲ್ಲೂ ಇರಲಿಲ್ಲ. ತುಂಡುಗಳನ್ನು ಹಿಂದಿನಿಂದ ಪಟ್ಟಿ ಕೊಟ್ಟು ಜೋಡಿಸಿ, ಗುಳಿ ಬಿದ್ದ ಕಡೆ ಪುಟ್ಟಿ ತುಂಬಿ, ಅದರ ಮೇಲೆ ಪ್ಲಾಸ್ಟರ್ ಹಾಕಿ ಅಚ್ಚು ತೆಗೆದೆವು. ಅಚ್ಚಿನಿಂದ ಬೇವಿನ ಮರದ ಮೂರ್ತಿ ಕೆತ್ತಿಸಿದೆವು. ಎಡಗಡೆ ಜಜ್ಜಿಹೋಗಿತ್ತು, ಬಲಗಡೆಯನ್ನು ರಟ್ಟಿನ ಮೇಲೆ ಪಟ್ಟಿ ಪಟ್ಟಿಯಾಗಿ ಬರೆದು ಮಗುಚಿ ಎಡಕ್ಕೆ ಇಟ್ಟೆವು. ಅದಕ್ಕೇ ಹೇಳೋದು, ಎಷ್ಟು ಕೊಳೆತಿದ್ದರೂ ಹಳೇ ತುಂಡು ಬಿಸಾಡಬೇಡಿ. ಹೊಸದು ಜಾಗದಲ್ಲಿ ಕೂತು ಬೋಲ್ಟ್ ಬಿಗಿಯುವವರೆಗೂ ಹಳೆಯದೇ ಡ್ರಾಯಿಂಗು.

ತಗಡು ಬಡಿಯೋಕೆ ಬಂದವರು ಪೇಟೆಯಲ್ಲಿ ತಾಮ್ರದ ಹಂಡೆ ಬಡಿಯುವ ಅಣ್ಣ. ವಿಮಾನ ಅಂದಾಗ ಹಿಂಜರಿದರು. ಮರದ ಮೂರ್ತಿ ನೋಡಿದ ಮೇಲೆ "ಇದು ಹಂಡೆ ತಳ ಇದ್ದಂಗೇ ಐತಲ್ರೀ" ಅಂದರು. ಅಲ್ಯೂಮಿನಿಯಂ ಕಾಯಿಸಿ ಮೆತ್ತಗೆ ಹದ ಮಾಡೋದು ಕಷ್ಟ. ತಾಮ್ರ ಕಾದರೆ ಕೆಂಪಾಗಿ ಹೇಳುತ್ತದೆ, ಅಲ್ಯೂಮಿನಿಯಂ ಬಣ್ಣ ಬದಲಿಸದೆ ಇದ್ದಕ್ಕಿದ್ದಂತೆ ಕರಗಿ ಬೀಳುತ್ತದೆ. ಅದಕ್ಕೆ ಬಟ್ಟೆ ಸೋಪು ಉಪಾಯ. ತಗಡಿನ ಮೇಲೆ ಸೋಪಿನ ಗೆರೆ ಎಳೆದು ಹಿಂದಿನಿಂದ ಜ್ವಾಲೆ ಕೊಡಬೇಕು. ಬಿಳಿ ಗೆರೆ ಮೊದಲು ಹಳದಿ, ಆಮೇಲೆ ಕಂದು. ಕಂದು ಕಪ್ಪಿಗೆ ತಿರುಗುವಾಗ ಜ್ವಾಲೆ ಆಚೆ. ತಣ್ಣಗಾದ ತಗಡು ಕೈಯಲ್ಲಿ ಹಿಡಿದರೆ ದಪ್ಪ ರಟ್ಟಿನ ಹಾಗೆ ಬಾಗುತ್ತದೆ. ಆಮೇಲೆ ಮರಳು ಚೀಲದ ಮೇಲಿಟ್ಟು ಮರದ ಕೊಡತಿಯಲ್ಲಿ ಹೊಡೆತ. ಬಡಿದಷ್ಟೂ ಮತ್ತೆ ಗಡಸಾಗುತ್ತದೆ, ಮತ್ತೆ ಸೋಪು, ಮತ್ತೆ ಬೆಂಕಿ.

ನಾನು ಅಂದುಕೊಂಡಿದ್ದು ನಡು ಬಡಿದು ಗುಳಿ ಮಾಡೋದು ಅಂತ. ಅಣ್ಣ ನಡುವನ್ನು ಜಾಸ್ತಿ ಮುಟ್ಟಲೇ ಇಲ್ಲ. ಅಂಚಿನಲ್ಲಿ ಸೀರೆ ನೆರಿಗೆ ಹಿಡಿದ ಹಾಗೆ ತಗಡನ್ನು ಸುಕ್ಕು ಮಾಡಿ, ಆ ಸುಕ್ಕನ್ನು ತುದಿಯಿಂದ ನಿಧಾನಕ್ಕೆ ತಟ್ಟಿ ಒಳಗೇ ಕೂರಿಸಿದರು. ಅಂಚು ಕುಗ್ಗಿತು, ನಡು ತಾನೇ ಉಬ್ಬಿತು. ತಗಡು ಎಲ್ಲೂ ತೆಳುವಾಗಲಿಲ್ಲ. ಎರಡು ಅರ್ಧ ಮಾಡಿ ನಡುವೆ ಬೆಸೆದೆವು. ಬೆಸೆದ ಮೇಲೆ, ಬೆಸುಗೆ ಹಿಡಿಯಲಿ ಅಂತ ಹಚ್ಚಿದ ಫ್ಲಕ್ಸನ್ನು ಬಿಸಿನೀರಲ್ಲಿ ಉಜ್ಜಿ ತೊಳೆಯಲೇಬೇಕು, ಬಿಟ್ಟರೆ ಅಲ್ಯೂಮಿನಿಯಂ ತಿಂದುಹಾಕುತ್ತದೆ.

ಎಂಜಿನ್ ವಿಷಯ ಬೇಗ ಮುಗಿಸುತ್ತೇನೆ, ಅದನ್ನು ಓಡಿಸೋ ಉದ್ದೇಶ ಇರಲಿಲ್ಲ, ಬಿಡಿಸಿ ತೊಳೆದು ತಿರುಗೋ ಹಾಗೆ ಮಾಡಿದೆವು. ಆದರೆ ಒಂದು ಎಚ್ಚರಿಕೆ. ಪ್ಲಗ್ಗಿಗೆ ಕಿಡಿ ಕೊಡೋ ಮ್ಯಾಗ್ನೆಟೋಗೆ ಬ್ಯಾಟರಿ ಬೇಡ. ಅದನ್ನು ಆಫ್ ಮಾಡೋದು ಒಂದು ಅರ್ಥಿಂಗ್ ವೈರ್. ಆ ವೈರ್ ತುಂಡಾಗಿದ್ದರೆ ಸ್ವಿಚ್ ಆಫ್ ಇದ್ದರೂ ಕಿಡಿ ಬರುತ್ತದೆ. ಹಳೇ ವಿಮಾನದ ಫ್ಯಾನನ್ನು ಸುಮ್ನೆ ಕೂಡ ಕೈಯಲ್ಲಿ ತಿರುಗಿಸಬೇಡಿ. ನಾವು ಮೊದಲ ದಿನವೇ ಎಂಟೂ ಪ್ಲಗ್ ಬಿಚ್ಚಿಟ್ಟೆವು.

ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ ಬಟ್ಟೆಯದು. ಈಗ ಎಲ್ಲರೂ ಪಾಲಿಯೆಸ್ಟರ್ ಹಾಕಿ ಇಸ್ತ್ರಿಪೆಟ್ಟಿಗೆಯಲ್ಲಿ ಬಿಗಿ ಮಾಡುತ್ತಾರೆ. ಹಾರೋ ವಿಮಾನಕ್ಕೆ ಅದೇ ಸರಿ. ನಾನು ಹತ್ತಿ ಬಟ್ಟೆಯೇ ಬೇಕು ಅಂತ ಹಠ ಹಿಡಿದೆ. ನಮ್ಮಪ್ಪ ದುಡಿದದ್ದು ಹತ್ತಿ ಮಿಲ್ಲಿನಲ್ಲಿ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ ಅದು. ಮಿಲ್ಲಿನ ಸೈರನ್ ಕೇಳಿ ಗಡಿಯಾರ ಸರಿ ಮಾಡಿಕೊಂಡ ಊರಲ್ಲಿ ವಿಮಾನಕ್ಕೆ ಹತ್ತಿ ಉಡಿಸದೆ ಇನ್ನೇನು ಉಡಿಸೋದು? ವಿಮಾನದ ಎ ದರ್ಜೆ ಹತ್ತಿ ಬಟ್ಟೆ ಒಂದು ಇಂಚು ಅಗಲಕ್ಕೆ 80 ಪೌಂಡ್, ಅಂದರೆ ಸುಮಾರು 36 ಕಿಲೋ ಎಳೆತ ತಡೆಯಬೇಕು, 56ಕ್ಕಿಂತ ಇಳಿದರೆ ಬದಲಿಸಬೇಕು ಅನ್ನೋದು ಲೆಕ್ಕ. ನಾಲ್ಕು ಥರ ಬಟ್ಟೆ ತಂದು ಒಂದಿಂಚು ಪಟ್ಟಿ ಕತ್ತರಿಸಿ, ತೂಕದ ಕಲ್ಲು ಕಟ್ಟಿ ನೇತುಹಾಕಿ ನೋಡಿದೆವು. ಮೂರು ಹರಿದವು. ನಾಲ್ಕನೆಯದು 37 ಕಿಲೋ ಕಟ್ಟಿದರೂ ನಿಂತಿತು.

ಬಟ್ಟೆ ಹೊದಿಸಿ ಅಂಟಿಸಿದರೆ ಸಾಲದು. ರೆಕ್ಕೆಯ ಮೇಲೆ ಹರಿಯುವ ಗಾಳಿ ಬಟ್ಟೆಯನ್ನು ಹೀರುತ್ತದೆ, ಅದಕ್ಕೇ ಪ್ರತಿ ರಿಬ್ಬಿಗೂ, ಅಂದರೆ ರೆಕ್ಕೆಗೆ ಆಕಾರ ಕೊಡೋ ಪಕ್ಕೆಲುಬಿಗೂ, ಬಟ್ಟೆಯನ್ನು ಮೇಣದ ದಾರದಲ್ಲಿ ಹೊಲಿದು ಕಟ್ಟಬೇಕು. ಇದಕ್ಕೆ ನಮ್ಮ ಚಿಗವ್ವನನ್ನು ಕರೆದೆ. ಚಿಗವ್ವ ಕೌದಿ ಹೊಲಿಯೋದರಲ್ಲಿ ಎತ್ತಿದ ಕೈ. ಆದರೆ ಕೌದಿ ಹೊಲಿಗೆ ಓಡುತ್ತದೆ, ಒಂದು ಕಡೆ ಕಿತ್ತರೆ ಸಾಲೇ ಬಿಚ್ಚುತ್ತದೆ. ಇಲ್ಲಿ ಒಂದೊಂದು ಹೊಲಿಗೆಗೂ ಬೇರೆ ಗಂಟು ಬೀಳಬೇಕು, ಒಂದು ಕಿತ್ತರೂ ಪಕ್ಕದ್ದು ಹಿಡಿದಿರಬೇಕು. ಗಂಟು ತೋರಿಸಿದೆ. ಎರಡು ಸಲ ಬಿಚ್ಚಿ ಕಟ್ಟಿ ನೋಡಿ, "ತಿಳೀತು ಬಿಡೋ, ನೀ ಆ ಕಡೆ ನಿಂತು ಸೂಜಿ ಕೊಡು" ಅಂದರು. ಉದ್ದ ಸೂಜಿ ಮೇಲಿನಿಂದ ಚುಚ್ಚಿದರೆ ನಾನು ಕೆಳಗೆ ಎಳೆದುಕೊಂಡು ರಿಬ್ಬಿನ ಇನ್ನೊಂದು ಪಕ್ಕದಿಂದ ವಾಪಸ್ ಕಳಿಸಬೇಕು. ಎರಡೂವರೆ ಇಂಚಿಗೊಂದು ಗಂಟು, ವಿಮಾನದ ಫ್ಯಾನಿನ ಗಾಳಿ ಬಡಿಯೋ ಕಡೆ ಇನ್ನೂ ಹತ್ತಿರ. ಎರಡೂ ರೆಕ್ಕೆ ಸೇರಿ 36 ಅಡಿ. ಹದಿನೇಳು ದಿನ ಹಿಡಿಯಿತು. ಮಂಡಕ್ಕಿ ಮಿರ್ಚಿ ತಿಂದ ಕೈಯಲ್ಲಿ ಬಟ್ಟೆ ಮುಟ್ಟೋಕೆ ಚಿಗವ್ವ ಯಾರನ್ನೂ ಬಿಡಲಿಲ್ಲ, ಎಣ್ಣೆ ಕಲೆ ಬಿದ್ದ ಕಡೆ ಆಮೇಲೆ ಬಳಿಯೋ ಡೋಪ್ ಹಿಡಿಯೋದಿಲ್ಲ ಅಂತ ನಾನೇ ಹೇಳಿದ್ದೆ.

ಡೋಪ್ ಅಂದರೆ ಬಟ್ಟೆಯನ್ನು ಬಿಗಿ ಮಾಡೋ ದ್ರವ. ಮರಕ್ಕೆ ಹೊಡೆಯೋ ಲ್ಯಾಕರ್ ಸಾಕು ಅಂತ ಹಲವರು ಹೇಳಿದರು. ಸಾಲದು, ಅದು ಬಟ್ಟೆಯನ್ನು ಎಳೆಯೋದಿಲ್ಲ. ಡೋಪ್ ಬೆಂಕಿಗೆ ಬಲು ಬೇಗ ಹತ್ತಿಕೊಳ್ಳುತ್ತದೆ, ಆ ದಿನಗಳಲ್ಲಿ ಗ್ಯಾಸ್ ಸಿಲಿಂಡರನ್ನೇ ಶೆಡ್ಡಿನಿಂದ ಆಚೆ ಇಟ್ಟಿದ್ದೆವು. ಜುಲೈನಲ್ಲಿ ಜಿಟಿಜಿಟಿ ಮಳೆ ಇದ್ದಾಗ ಅವಸರ ಮಾಡಿ ಒಂದು ಕೋಟು ಬಳಿದೆ. ಅರ್ಧ ಗಂಟೆಯಲ್ಲಿ ಇಡೀ ರೆಕ್ಕೆಗೆ ಬೂದಿ ಬಳಿದ ಹಾಗೆ ಬಿಳಿ ಮುಚ್ಚಿಕೊಂಡಿತು. ಗಾಳಿಯ ತೇವ ಅದರಲ್ಲಿ ಸಿಕ್ಕಿಕೊಂಡದ್ದು. ಬಿಸಿಲು ಬಂದ ದಿನ ತಿನ್ನರ್ ಹೊಡೆದು ಕರಗಿಸಿ ಸರಿಮಾಡಿದೆ, ಮುಂದಿನ ಕೋಟುಗಳಿಗೆ ಡಿಸೆಂಬರ್ ತನಕ ಕಾದೆ. ನಡುವೆ ಅಲ್ಯೂಮಿನಿಯಂ ಪುಡಿ ಕಲಸಿದ ಬೆಳ್ಳಿ ಬಣ್ಣದ ಕೋಟು, ಅದು ಬಿಸಿಲಿನಿಂದ ಬಟ್ಟೆಯನ್ನು ಕಾಯುತ್ತದೆ. ಕೊನೆಯ ಕೋಟು ಒಣಗಿದ ದಿನ ಚಿಗವ್ವ ಬಂದು ರೆಕ್ಕೆಯ ಮೇಲೆ ಬೆರಳಲ್ಲಿ ಬಡಿದರು. ತಮಟೆ ಕಾಯಿಸಿ ಬಡಿದ ಹಾಗೆ ದಂ ಅಂತು. ಇನ್ನೊಂದು ಸಲ ಬಡಿದರು. ಆಮೇಲೆ ತಾವು ಹಾಕಿದ ಗಂಟುಗಳ ಸಾಲನ್ನು ಬೆರಳಿಂದ ತಡವುತ್ತಾ ತುದಿವರೆಗೂ ನಡೆದರು.

ಈಗ ಉಳಿದಿರೋದು ಬಲಬಾಗಿಲ ಚಿಲಕ. ಆರು ಚೀಲದಲ್ಲೂ ಅದು ಸಿಗಲಿಲ್ಲ, ನೋಡಿಕೊಂಡು ಮಾಡೋಕೆ ಎಡದ್ದೂ ಇಲ್ಲ. ಹಾಗಾಗಿ ಇನ್ನೊಂದು ಪುಷ್ಪಕ್ ಇರುವ ಕಡೆ ಹೋಗಿ, ಕೇಳಿಕೊಂಡು, ಒಂದು ಗಂಟೆ ಕೂತು ಅಳತೆ ತೆಗೆದೆ. ವರ್ನಿಯರ್ ಹೋಗದ ಒಳಗುಳಿಗೆ ಮೇಣ ಒತ್ತಿ ಅಚ್ಚು ತಂದಿದ್ದೇನೆ. ರಟ್ಟಿನಲ್ಲಿ ಮಾಡಿ ನೋಡಿದ್ದು ಸರಿಯಾಗಿ ಕೂತಿದೆ. ಸೋಮವಾರ ಹಿತ್ತಾಳೆಯಲ್ಲಿ ಮಿಲ್ಲಿಂಗಿಗೆ ಹಾಕುತ್ತೇನೆ.