ಕನ್ನಡದ ದಾರಿಯಿಂದ ಜರ್ಮನ್: ಮಂಗಳೂರಿನ ತರಗತಿಯಲ್ಲಿ ನನ್ನ ಅನುಭವ

ತರಗತಿಯ ಹೊಸಿಲು ದಾಟಿದ ಮೇಲೆ ಮನೆಮಾತು ಆಡಕೂಡದು ಎಂದು ಮೊದಲ ಎರಡು ವರ್ಷ ಹಠ ಹಿಡಿದಿದ್ದೆ. ಎದುರಿಗೆ ಕುಳಿತವರು ಜರ್ಮನಿಯ ಆಸ್ಪತ್ರೆಗಳಿಗೆ ಹೊರಟಿದ್ದ ನರ್ಸ್‌ಗಳು. ಕನ್ನಡ, ತುಳು, ಕೊಂಕಣಿ, ಮಲಯಾಳಂ ಬಲ್ಲವರು. ಅವರಿಗೆ ಅರ್ಥವಾಗದಿದ್ದಾಗ ನಾನು ಮಾತ್ರ ಇಂಗ್ಲಿಷಿಗೆ ಹೊರಳುತ್ತಿದ್ದೆ.

ಆ ಇಂಗ್ಲಿಷೇ ತೊಡಕಾಯಿತು. ಚಳಿಯಾಗುತ್ತಿದೆ ಎನ್ನಲು ಒಬ್ಬಳು ಇಂಗ್ಲಿಷಿನ 'ಐ ಆ್ಯಮ್ ಕೋಲ್ಡ್' ಅನ್ನು ಪದಕ್ಕೆ ಪದ ತಿರುಗಿಸಿ 'ಇಷ್ ಬಿನ್ ಕಲ್ಟ್' ಎಂದಳು. ಹಾಗೆಂದರೆ ತಾನು ಭಾವನೆಯಿಲ್ಲದವಳು ಎಂಬ ಅರ್ಥವೂ ಬರುತ್ತದೆ. ಸರಿಯಾದ ಮಾತು 'ಮಿಯರ್ ಇಸ್ಟ್ ಕಲ್ಟ್', ನನಗೆ ಚಳಿ. 'ಮಿಯರ್' ಎಂದರೆ 'ನನಗೆ'. ನಮ್ಮ 'ಗೆ' ಪ್ರತ್ಯಯ ಅಲ್ಲಿಯೇ ಕುಳಿತಿದೆ! ಕಾರಣ ಹೇಳುವ 'ವೈಲ್' ವಾಕ್ಯವೂ ಹಾಗೆಯೇ: 'ವೈಲ್ ಇಷ್ ಫೀಬರ್ ಹಾಬೆ'. ಕ್ರಿಯಾಪದ ಕೊನೆಗೆ ಬರುತ್ತದೆ, 'ನನಗೆ ಜ್ವರ ಇರುವುದರಿಂದ' ಎನ್ನುವಂತೆ. ವಾರಗಟ್ಟಲೆ ತಿದ್ದಿದರೂ ಹೋಗದ ತಪ್ಪು ಈ ಹೋಲಿಕೆ ತೋರಿಸಿದ ದಿನದಿಂದ ಕಡಿಮೆಯಾಗುತ್ತ ಬಂತು.

ಹೋಲಿಕೆ ಎಲ್ಲ ಕಡೆಯೂ ಒದಗುವುದಿಲ್ಲ. ನಾವು ಅವನಿಗೆ ಫೋನ್ ಮಾಡುತ್ತೇವೆ. ಜರ್ಮನ್ನಿನಲ್ಲಿ ಅಲ್ಲಿ 'ಅವನನ್ನು' ಎಂಬ ರೂಪ ಬರುತ್ತದೆ. ಇಂಥವನ್ನು ಬೇರೆ ಪಟ್ಟಿಯಲ್ಲಿ ಬರೆಸುತ್ತೇನೆ. ಮೇಜಿಗೂ ದೀಪಕ್ಕೂ ಲಿಂಗವಿರುವುದು ಕನ್ನಡದವರಿಗೆ ವಿಚಿತ್ರವಾಗಿ ಕಂಡಾಗ, ಆ ಪಾಠವನ್ನು ಕೊಂಕಣಿ ಹುಡುಗಿಗೆ ಒಪ್ಪಿಸುತ್ತೇನೆ. ಅವಳ ಭಾಷೆಯಲ್ಲಿ ವಸ್ತುಗಳಿಗೂ ಮೂರು ಲಿಂಗಗಳುಂಟು.

ಅಂಕಿಗಳ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಜರ್ಮನ್ನರು 21ನ್ನು 'ಒಂದು ಮತ್ತು ಇಪ್ಪತ್ತು' ಎನ್ನುತ್ತಾರೆ. ಕೊಂಕಣಿಯ 'ಎಕ್ವೀಸ್', ಸಂಸ್ಕೃತದ 'ಏಕವಿಂಶತಿ' ಎರಡರಲ್ಲೂ ಅದೇ ಕ್ರಮ. 'ಹಾಲ್ಬ್ ಡ್ರೈ', ಅಕ್ಷರಶಃ ಅರ್ಧ ಮೂರು, ಎಂದರೆ ಮೂರೂವರೆಯಲ್ಲ, ಎರಡೂವರೆ. ಸಂಸ್ಕೃತದ 'ಅರ್ಧತೃತೀಯ'ಕ್ಕೂ ಎರಡೂವರೆ ಎಂದೇ ಅರ್ಥ. ಹಿಂದಿಯ 'ಢಾಯಿ' ಅದರಿಂದಲೇ ಬಂದದ್ದು. ಔಷಧ ಒಂದು ಗಂಟೆ ತಡವಾದರೆ ಅದು ವ್ಯಾಕರಣದ ತಪ್ಪಾಗಿ ಉಳಿಯುವುದಿಲ್ಲ.

ಯುರೋಪ್ ಮಂಡಳಿ 2001ರಲ್ಲಿ ಪ್ರಕಟಿಸಿದ ಭಾಷಾ ಚೌಕಟ್ಟು ಕಲಿಯುವವರ ಎಲ್ಲ ಭಾಷೆಗಳನ್ನೂ ಒಂದೇ ಸಾಮರ್ಥ್ಯದ ಭಾಗಗಳೆಂದು ಕಾಣುತ್ತದೆ. ನಾವು ಅದರಿಂದ ಎ1, ಬಿ2 ಎಂಬ ಭಾಷಾ ಸಾಮರ್ಥ್ಯದ ಹಂತಗಳನ್ನಷ್ಟೇ ಎತ್ತಿಕೊಂಡೆವು. ಇದು ನನಗೆ ನಿಜವಾಗಿ ನೋವು ತರುವ ಸಂಗತಿ.

ವ್ಯಾಕರಣಕ್ಕಿಂತ ಕಠಿಣವಾದದ್ದು ನಡವಳಿಕೆ. ನಮ್ಮ ಹುಡುಗಿಯರಿಗೆ ವಯಸ್ಸಾದ ರೋಗಿ ಅಜ್ಜಿಯೇ. ಅಲ್ಲಿ ಅಪರಿಚಿತರನ್ನು 'ಓಮಾ' (ಅಜ್ಜಿ) ಎಂದರೆ ಅವಮರ್ಯಾದೆಯಾಗುತ್ತದೆ. 'ಫ್ರಾವ್' (ಶ್ರೀಮತಿ) ಸೇರಿಸಿ ಕುಟುಂಬದ ಹೆಸರು ಹಿಡಿದು, ನಮ್ಮ 'ನೀವು'ವಿನಂಥ 'ಜೀ' ಎಂಬ ಬಹುವಚನದಲ್ಲಿ ಮಾತನಾಡಿಸಬೇಕು. "ಹೆಸರು ಹಿಡಿದರೆ ಪ್ರೀತಿ ಎಲ್ಲಿ ಉಳಿಯಿತು, ಮೇಡಂ?" ಎಂದು ಒಬ್ಬಳು ಕೇಳಿದಳು. ನಿಯಮ ಹೇಳಿ ಮುಗಿಸಲು ನನಗೆ ಮನಸ್ಸಾಗಲಿಲ್ಲ. ಅಂದಿನ ಪಾಠ ಬದಿಗಿಟ್ಟು, ತಮ್ಮ ಊರಿನಲ್ಲಿ ಯಾರನ್ನು ಹೆಸರು ಹಿಡಿದು ಕರೆಯುವುದಿಲ್ಲ, ಏಕೆ ಎಂದು ಅವರವರ ಭಾಷೆಯಲ್ಲೇ ಬರೆಯಲು ಹೇಳಿದೆ. ಅದನ್ನು ಓದಿದ ಮೇಲೆ ಜರ್ಮನ್ನಿನ ಸಂವಾದಕ್ಕೆ ಬಂದೆವು.

ಇನ್ನೊಂದು ನಮ್ಮ 'ಹೂಂ'. ಹಿರಿಯರು ಹೇಳಿದ್ದು ತಿಳಿಯದಿದ್ದರೂ ತಲೆಯಾಡಿಸುವುದು ನಮ್ಮಲ್ಲಿ ವಿನಯ. ಪಾಳಿ ಬದಲಾಗುವಾಗ ವಾರ್ಡಿನಲ್ಲಿ ಅದೇ ಅಪಾಯ. ಆದ್ದರಿಂದ ಪ್ರತಿ ಶುಕ್ರವಾರ ನಾನು ಹಿರಿಯ ನರ್ಸ್ ಆಗಿ ಬೇಕೆಂದೇ ಬೇಗಬೇಗ ಸೂಚನೆ ಕೊಡುತ್ತೇನೆ. "ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ" ಎಂದು ಜರ್ಮನ್ನಿನಲ್ಲಿ ನನ್ನನ್ನು ತಡೆಯುವವರೆಗೆ ನಿಲ್ಲಿಸುವುದಿಲ್ಲ.