ಹೊಸ ಕಂಪ್ಯೂಟರ್‌ಗೆ ಡ್ರೈವರ್, ಡಿಸ್ಕ್: ಮೊದಲ ದಿನದ ಕೆಲಸ

ಅಕ್ಕನ ಮಗಳಿಗೆ ಕಂಪ್ಯೂಟರ್ ಜೋಡಿಸಿಕೊಟ್ಟಾಗ ಅದಕ್ಕೆ ಎರಡು ಡಿಸ್ಕ್ ಹಾಕಿದ್ದೆ. ಒಂದು ಹೊಸ ಎನ್‌ವಿಎಂಇ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಚಿಪ್ ಡಿಸ್ಕ್), ಇನ್ನೊಂದು ಅವಳ ಫೋಟೊಗಳಿದ್ದ ಹಳೆಯ ಹಾರ್ಡ್ ಡಿಸ್ಕ್. ಎರಡೂ ಇದ್ದಂತೆಯೇ ವಿಂಡೋಸ್ ಹಾಕಿದೆ. ಆರು ತಿಂಗಳ ನಂತರ ಹಳೆಯ ಡಿಸ್ಕ್ ಬಿಚ್ಚಿದ ದಿನ ಕಂಪ್ಯೂಟರ್ ಏಳಲೇ ಇಲ್ಲ. ವಿಂಡೋಸ್ ಇದ್ದದ್ದು ಎಸ್‌ಎಸ್‌ಡಿಯಲ್ಲಿ. ಅದನ್ನು ಎಬ್ಬಿಸುವ ಪುಟ್ಟ ಬೂಟ್ ವಿಭಾಗ ಮಾತ್ರ ಹಳೆಯ ಡಿಸ್ಕ್‌ನಲ್ಲಿ ಹೋಗಿ ಕುಳಿತಿತ್ತು. ಅಂದಿನಿಂದ ನಾನು ತಪ್ಪದೆ ಪಾಲಿಸುವ ನಿಯಮ ಇದು: ವಿಂಡೋಸ್ ಹಾಕುವಾಗ ಅದು ಕೂರಬೇಕಾದ ಒಂದೇ ಡಿಸ್ಕ್ ಜೋಡಣೆಯಲ್ಲಿರಬೇಕು. ಉಳಿದವುಗಳನ್ನು ಮದರ್‌ಬೋರ್ಡ್‌ಗೆ ಜೋಡಿಸುವ ಸಾಟಾ ಕೇಬಲ್ ಬಿಚ್ಚಿಡಿ.

ಅದಕ್ಕೂ ಮೊದಲು ಬೇರೊಂದು ಕಂಪ್ಯೂಟರ್‌ನಲ್ಲಿ ಒಂದು ಪೆನ್ ಡ್ರೈವ್ ಸಿದ್ಧಮಾಡಿಕೊಳ್ಳಿ. ಮದರ್‌ಬೋರ್ಡ್ ತಯಾರಕರ ತಾಣಕ್ಕೆ ಹೋಗಿ ಲ್ಯಾನ್ (ತಂತಿಯ ನೆಟ್‌ವರ್ಕ್), ವೈಫೈ, ಚಿಪ್‌ಸೆಟ್ (ಬೋರ್ಡ್‌ನ ಭಾಗಗಳನ್ನು ಬೆಸೆಯುವ ಚಿಪ್) ಇವುಗಳ ಡ್ರೈವರ್‌ಗಳನ್ನು, ಅಂದರೆ ಆ ಭಾಗಗಳನ್ನು ನಡೆಸಲು ವಿಂಡೋಸ್‌ಗೆ ಬೇಕಾದ ತಂತ್ರಾಂಶಗಳನ್ನು, ಇಳಿಸಿಕೊಳ್ಳಿ. ಹೊಸ ಬೋರ್ಡ್‌ನ ನೆಟ್‌ವರ್ಕ್ ಚಿಪ್ ವಿಂಡೋಸ್‌ಗೆ ಪರಿಚಯವಿಲ್ಲದಿದ್ದರೆ ಇಂಟರ್ನೆಟ್ ಇರುವುದಿಲ್ಲ. ಇಂಟರ್ನೆಟ್ ಇಲ್ಲದೆ ಅದರ ಡ್ರೈವರ್ ಸಿಗುವುದಿಲ್ಲ. ಮಾದರಿಯ ಹೆಸರನ್ನು ಡಬ್ಬಿಯಿಂದಲ್ಲ, ಬೋರ್ಡ್ ಮೇಲಿನಿಂದಲೇ ಓದಿಕೊಳ್ಳಿ. ಒಂದೇ ಹೆಸರಿನ ಬೋರ್ಡ್‌ನ 1.0 ಮತ್ತು 1.2 ಆವೃತ್ತಿಗಳಲ್ಲಿ ಬೇರೆಬೇರೆ ಚಿಪ್ ಇರುವುದುಂಟು.

ವಿಂಡೋಸ್ ಎಲ್ಲಿ ಹಾಕಬೇಕೆಂದು ಕೇಳುವ ಪರದೆಯಲ್ಲಿ ಡಿಸ್ಕ್‌ಗಳ ಪಟ್ಟಿಯೇ ಖಾಲಿ ಬಂದರೆ ಎಸ್‌ಎಸ್‌ಡಿ ಕೆಟ್ಟಿದೆಯೆಂದು ಹೆದರಬೇಡಿ. ಇಂಟೆಲ್‌ನ 11ನೇ ಪೀಳಿಗೆ ಮತ್ತು ಆನಂತರದ ಪ್ರೊಸೆಸರ್‌ಗಳಲ್ಲಿ, ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಏಳುವ, ಬೋರ್ಡ್‌ನದೇ ತಂತ್ರಾಂಶ) ಡಿಸ್ಕ್‌ಗಳನ್ನು ನಿರ್ವಹಿಸುವ ವಿಎಂಡಿ ಎಂಬ ಆಯ್ಕೆ ಆನ್ ಇದ್ದರೆ ಹೀಗಾಗಬಹುದು. ರೇಯ್ಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ಬಳಸುವ ವ್ಯವಸ್ಥೆ) ಬೇಡದವರು ಅದನ್ನು ಆಫ್ ಮಾಡಿದರೆ ಸಾಕು. ಆದರೆ ಆ ನಿರ್ಧಾರ ವಿಂಡೋಸ್ ಹಾಕುವ ಮೊದಲೇ ಆಗಬೇಕು. ಆಮೇಲೆ ಬದಲಿಸಿದರೆ ವಿಂಡೋಸ್ ಏಳದೆ ಹೋಗಬಹುದು.

ವಿಂಡೋಸ್ ಎದ್ದ ಮೇಲೆ ಮೊದಲು ಲ್ಯಾನ್ ಡ್ರೈವರ್, ನಂತರ ಚಿಪ್‌ಸೆಟ್, ಒಮ್ಮೆ ರೀಸ್ಟಾರ್ಟ್. ಬಳಿಕ ವಿಂಡೋಸ್ ಅಪ್‌ಡೇಟ್‌ಗೆ ಸಾಕಷ್ಟು ಸಮಯ ಕೊಡಿ, ಅರ್ಧಕ್ಕೆ ನಿಲ್ಲಿಸಬೇಡಿ. ಗ್ರಾಫಿಕ್ಸ್ ಡ್ರೈವರ್ ಅನ್ನು ಚಿಪ್ ತಯಾರಕರ ತಾಣದಿಂದಲೇ ತನ್ನಿ. ಎಲ್ಲ ಡ್ರೈವರ್‌ಗಳನ್ನೂ ಒಂದೇ ಗುಂಡಿಯಲ್ಲಿ ಹುಡುಕಿ ಹಾಕುತ್ತೇವೆ ಎನ್ನುವ ಅಪರಿಚಿತ ತಂತ್ರಾಂಶಗಳನ್ನು ನಾನು ಹತ್ತಿರ ಸೇರಿಸುವುದಿಲ್ಲ, ನೀವೂ ಸೇರಿಸಬೇಡಿ.

ಈಗ ಡಿವೈಸ್ ಮ್ಯಾನೇಜರ್ ತೆರೆಯಿರಿ. ಹಳದಿ ಗುರುತಿನ 'ಅನ್‌ನೋನ್ ಡಿವೈಸ್' ಉಳಿದಿದ್ದರೆ ಊಹೆ ಮಾಡುತ್ತ ಕೂರಬೇಕಿಲ್ಲ. ಅದರ ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್, ಅಲ್ಲಿ ಹಾರ್ಡ್‌ವೇರ್ ಐಡಿ ಆರಿಸಿ. 'ವಿಇಎನ್' ಎಂಬುದರ ಮುಂದಿನ ನಾಲ್ಕು ಅಕ್ಷರಗಳು ತಯಾರಕರನ್ನು ಹೇಳುತ್ತವೆ: 8086 ಎಂದರೆ ಇಂಟೆಲ್, 1022 ಎಂದರೆ ಎಎಂಡಿ, 10ಇಸಿ ಎಂದರೆ ರಿಯಲ್‌ಟೆಕ್. ಆ ಇಡೀ ಸಾಲನ್ನು ಹಾಗೆಯೇ ಹುಡುಕಿದರೆ ಯಾವ ಚಿಪ್ ಎಂಬುದು ಸಾಮಾನ್ಯವಾಗಿ ತಿಳಿದುಬಿಡುತ್ತದೆ.

ಇನ್ನು ಕಂಪ್ಯೂಟರ್ ಆಫ್ ಮಾಡಿ, ವಿದ್ಯುತ್ ತೆಗೆದು, ಉಳಿದ ಡಿಸ್ಕ್‌ಗಳನ್ನು ಜೋಡಿಸಿ. ಹೊಸ ಡಿಸ್ಕ್ 'ದಿಸ್ ಪಿಸಿ'ಯಲ್ಲಿ ತಾನಾಗಿ ಕಾಣಿಸುವುದಿಲ್ಲ. ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ 'ಇನಿಶಿಯಲೈಸ್' ಮಾಡಲೇ (ಬಳಕೆಗೆ ಅಣಿಗೊಳಿಸಲೇ) ಎಂದು ಕೇಳುತ್ತದೆ. ಹೊಸ ಡಿಸ್ಕ್‌ಗೆ ಜಿಪಿಟಿ ಆರಿಸಿ; ಅದು ಡಿಸ್ಕ್‌ನ ವಿಭಾಗಗಳ ಪಟ್ಟಿ ಬರೆದಿಡುವ ಪದ್ಧತಿ. ಹಳೆಯ ಎಂಬಿಆರ್ ಪದ್ಧತಿ ಸಾಮಾನ್ಯ ಡಿಸ್ಕ್‌ಗಳಲ್ಲಿ 2 ಟಿಬಿ ದಾಟಲಾರದು. ಆದರೆ ಫೋಟೊ, ಕಾಗದಪತ್ರಗಳಿರುವ ಹಳೆಯ ಡಿಸ್ಕ್‌ಗೆ ಈ ಪ್ರಶ್ನೆ ಬಂದರೆ ದಯವಿಟ್ಟು ಕ್ಯಾನ್ಸಲ್ ಒತ್ತಿ. ಅದರ ವಿಭಾಗಗಳ ಪಟ್ಟಿಯನ್ನು ವಿಂಡೋಸ್ ಓದಲಾಗುತ್ತಿಲ್ಲ ಎಂದಷ್ಟೇ ಆ ಪ್ರಶ್ನೆಯ ಅರ್ಥ. ಒಳಗಿನದು ಇನ್ನೂ ಇರಬಹುದು. ಒಪ್ಪಿಗೆ ಕೊಟ್ಟರೆ ಅದನ್ನು ಮರಳಿ ಪಡೆಯುವುದು ಕಷ್ಟವಾಗುತ್ತದೆ.

ಹೊಸ ಡಿಸ್ಕ್‌ನ ಕಪ್ಪು ಪಟ್ಟಿಯ ಮೇಲೆ ಬಲ ಕ್ಲಿಕ್ ಮಾಡಿ 'ನ್ಯೂ ಸಿಂಪಲ್ ವಾಲ್ಯೂಮ್', ಎನ್‌ಟಿಎಫ್‌ಎಸ್ (ವಿಂಡೋಸ್ ಕಡತಗಳನ್ನಿಡುವ ಪದ್ಧತಿ), ಕ್ವಿಕ್ ಫಾರ್ಮ್ಯಾಟ್ ಆರಿಸಿ. 1 ಟಿಬಿ ಡಿಸ್ಕ್ 931 ಜಿಬಿ ಎಂದು ತೋರಿಸಿದರೆ ಯಾರೂ ಮೋಸ ಮಾಡಿಲ್ಲ: ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಡಿಸ್ಕ್ ಇಲ್ಲಿಯೂ ಕಾಣದಿದ್ದರೆ ಬೋರ್ಡ್‌ನ ಕೈಪಿಡಿ ನೋಡಿ. ಕೆಲವು ಬೋರ್ಡ್‌ಗಳಲ್ಲಿ ಎರಡನೆಯ ಎಂ.2 ಜಾಗ (ಎನ್‌ವಿಎಂಇ ಎಸ್‌ಎಸ್‌ಡಿ ಕೂರುವ ಕಡೆ) ತುಂಬಿದೊಡನೆ ಒಂದು ಸಾಟಾ ಪೋರ್ಟ್ ಕೆಲಸ ನಿಲ್ಲಿಸುತ್ತದೆ.

ಒಂದೇ ಎಸ್‌ಎಸ್‌ಡಿಯನ್ನು ಸಿ, ಡಿ, ಇ ಎಂದು ತುಂಡರಿಸುವುದು ನನಗೆ ಒಪ್ಪಿಗೆಯಿಲ್ಲ. ವೇಗ ಹೆಚ್ಚುವುದಿಲ್ಲ, ಸಿ ತುಂಬಿದಾಗ ಪಕ್ಕದ ವಿಭಾಗವನ್ನು ಅಳಿಸದೆ ಡಿಸ್ಕ್ ಮ್ಯಾನೇಜ್‌ಮೆಂಟ್ ಅದನ್ನು ಹಿಗ್ಗಿಸುವುದೂ ಇಲ್ಲ.

ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕಿದ್ದರೆ ಸೆಟ್ಟಿಂಗ್ಸ್‌ನಲ್ಲಿ 'ಡಿವೈಸ್ ಎನ್‌ಕ್ರಿಪ್ಶನ್' (ಡಿಸ್ಕ್‌ನಲ್ಲಿರುವುದಕ್ಕೆ ಬೀಗ ಹಾಕುವ ವ್ಯವಸ್ಥೆ) ಆನ್ ಆಗಿದೆಯೇ ನೋಡಿ. ಆಗಿದ್ದರೆ, ಬಯಾಸ್ ಮುಟ್ಟುವ ಮೊದಲೇ ಆ ಬೀಗ ತೆರೆಯುವ 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅಕ್ಕನ ಮಗಳು ಅದನ್ನು ಎರಡು ಸಲ ಗಟ್ಟಿಯಾಗಿ ಓದಿ, ನಾನು ತಾಳೆ ನೋಡಿದ ಮೇಲೆಯೇ ಬೀರುವಿನೊಳಗೆ ಇಟ್ಟಳು.