ತೂಕದ ಕಾಲಂನಲ್ಲಿ 60 ಎಂದಿತ್ತು

ಕೋಲಾರದ ಆಸ್ಪತ್ರೆಯೊಂದರ ಐಸಿಯುನಲ್ಲಿ ನಾನು ಹೊಸದಾಗಿ ನೈಟ್ ಡ್ಯೂಟಿ ಮಾಡುತ್ತಿದ್ದ ಕಾಲ. ಶ್ರೀನಿವಾಸಪುರದ ಕಡೆಯಿಂದ ಒಬ್ಬ ಅಜ್ಜಿಯನ್ನು ಕರೆತಂದರು. ಮೂತ್ರದ ಸೋಂಕು ರಕ್ತಕ್ಕೆ ಏರಿತ್ತು. ಸಲೈನ್ ಕೊಟ್ಟರೂ ಬಿಪಿ ಮೇಲೇಳಲಿಲ್ಲ. ಡಾಕ್ಟರು ಬಿಪಿ ಏರಿಸುವ ಔಷಧಿ ಡೋಪಮೈನ್ ಅನ್ನು 5 ಮೈಕ್ರೋಗ್ರಾಂನಲ್ಲಿ ಶುರುಮಾಡಲು ಹೇಳಿದರು, ಅಂದರೆ ಪ್ರತಿ ಕೆಜಿಗೆ, ಪ್ರತಿ ನಿಮಿಷಕ್ಕೆ. ಈಗಾದರೆ ಇಂಥ ಕೇಸಿಗೆ ಮೊದಲು ನಾರ್‌ಅಡ್ರಿನಲಿನ್ ಹಾಕುತ್ತೇವೆ. ಔಷಧಿ ಬದಲಾದರೂ ಲೆಕ್ಕದ ದಾರಿ ಅದೇ.

200 ಮಿಲಿಗ್ರಾಂ ಇರುವ 5 ಎಂಎಲ್ ಆಂಪೂಲ್‌ಗೆ 45 ಎಂಎಲ್ ನಾರ್ಮಲ್ ಸಲೈನ್ ಸೇರಿಸಿ 50ರ ಸಿರಿಂಜ್ ತುಂಬಿದೆ. ಒಂದು ಎಂಎಲ್‌ಗೆ 4 ಮಿಲಿಗ್ರಾಂ, ಅಂದರೆ 4000 ಮೈಕ್ರೋಗ್ರಾಂ. ಕೇಸ್ ಶೀಟಿನ ತೂಕದ ಕಾಲಂನಲ್ಲಿ 60 ಎಂದಿತ್ತು. 5 ಇಂಟು 60 ಇಂಟು 60 ನಿಮಿಷ, 18000. ಅದನ್ನು 4000ದಿಂದ ಭಾಗಿಸಿ, ಸಿರಿಂಜ್‌ನಿಂದ ಔಷಧಿ ನಿಧಾನವಾಗಿ ತಳ್ಳುವ ಪಂಪ್‌ಗೆ ಗಂಟೆಗೆ 4.5 ಎಂಎಲ್ ಹಾಕಿದೆ. ಎರಡು ಸಲ ಗುಣಿಸಿ ನೋಡಿದ್ದೆ, ಲೆಕ್ಕದಲ್ಲಿ ತಪ್ಪಿರಲಿಲ್ಲ.

ಅರ್ಧ ಗಂಟೆಯಲ್ಲಿ ಅಜ್ಜಿಯ ನಾಡಿ 130 ದಾಟಿತು. ಓಡಿ ಬಂದ ಡಾಕ್ಟರು ಕೇಳಿದ್ದು ಒಂದೇ: "ತೂಕ ನೋಡಿದವರು ಯಾರು?" ಯಾರೂ ನೋಡಿರಲಿಲ್ಲ. ಗಡಿಬಿಡಿಯಲ್ಲಿ ಯಾರೋ ಅಂದಾಜಿಗೆ ಬರೆದಿದ್ದರು, ಕಂಬಳಿ ಹೊದ್ದಿದ್ದ ಅಜ್ಜಿಯನ್ನು ನೋಡಿ ನಾನೂ ಒಪ್ಪಿಕೊಂಡಿದ್ದೆ. ಬಾಗಿಲ ಬಳಿ ನಿಂತಿದ್ದ ಮಗನನ್ನು ಕೇಳಿದೆ. "ನಮ್ಮಮ್ಮ ನಲವತ್ತು ಕೇಜಿ ದಾಟಲ್ಲ ಸಿಸ್ಟರಮ್ಮ. ಆಟೋದಿಂದ ನಾನೇ ಎತ್ಕೊಂಡು ಬಂದೆ. ಮಂಡೀಲಿ ದಿನಾ ಮಾವಿನಕಾಯಿ ಕ್ರೇಟ್ ಎತ್ತೋನು, ಕೈಗೇ ಗೊತ್ತಾಗ್ತದೆ" ಅಂದ.

ಹಿಂದಕ್ಕೆ ಲೆಕ್ಕ ಹಾಕಿದೆ. 4.5 ಎಂಎಲ್ ಅಂದರೆ ಗಂಟೆಗೆ 18000 ಮೈಕ್ರೋಗ್ರಾಂ. 40ರಿಂದ, ಮತ್ತೆ 60ರಿಂದ ಭಾಗಿಸಿದರೆ ಏಳೂವರೆ. ಹೇಳಿದ್ದರ ಒಂದೂವರೆ ಪಟ್ಟು ಅಜ್ಜಿಯ ಮೈಗೆ ಹೋಗುತ್ತಿತ್ತು. ಡಾಕ್ಟರ ಒಪ್ಪಿಗೆ ಪಡೆದು 3 ಎಂಎಲ್‌ಗೆ ಇಳಿಸಿದೆ. ನಾಡಿ ನಿಧಾನವಾಗಿ ಇಳಿಯಿತು. ಬೆಳಗಿನವರೆಗೂ ಆ ಮಂಚದ ಪಕ್ಕದಿಂದ ಕದಲಲಿಲ್ಲ.

ಅಂದಿನಿಂದ ತೂಕದ ಎದುರು 'ತೂಗಿದ್ದು' ಅಥವಾ 'ಅಂದಾಜು' ಎಂದು ಬರೆಯದೆ ನಾನು ಪಂಪ್ ಮುಟ್ಟುವುದಿಲ್ಲ. ಇನ್ನೊಂದು ಅಭ್ಯಾಸವೂ ಬಂತು: ಒಂದು ಮೈಕ್ರೋಗ್ರಾಂಗೆ ಆ ರೋಗಿಗೆ ಎಷ್ಟು ಎಂಎಲ್ ಎಂದು ಮೊದಲೇ ತೆಗೆದು ಸಿರಿಂಜ್ ಲೇಬಲ್ ಮೇಲೆ ಬರೆಯುವುದು. 40 ಕೆಜಿಗೆ 40 ಇಂಟು 60, ಭಾಗಿಸು 4000, ಅಂದರೆ 0.6. ನಡುರಾತ್ರಿ "8ಕ್ಕೆ ಏರಿಸಿ" ಅಂದರೆ 0.6 ಇಂಟು 8, 4.8 ಎಂಎಲ್. ಆದರೆ ಇದು ಆ ಡೈಲ್ಯೂಷನ್‌ಗೆ, ಅಂದರೆ ಔಷಧಿ ಬೆರೆಸಿದ ಆ ಪ್ರಮಾಣಕ್ಕೆ ಮಾತ್ರ. ಸಿರಿಂಜ್‌ನಲ್ಲಿ 400 ಮಿಲಿಗ್ರಾಂ ತುಂಬಿದರೆ 0.3 ಆಗುತ್ತದೆ, ಹಳೇ ಲೇಬಲ್ ಕಿತ್ತು ಬಿಸಾಡಬೇಕು.

ಎಲ್ಲ ಔಷಧಿಗೂ ತೂಕ ಬೇಕೆಂದೇನಿಲ್ಲ. ಹಾವು ಕಚ್ಚಿದ ಮಗುವಿಗೂ ದೊಡ್ಡವರಷ್ಟೇ ಆಂಟಿವೆನಮ್ ಕೊಡುತ್ತೇವೆ. ಕಚ್ಚಿದ ಹಾವು ಮಗುವೆಂದು ವಿಷ ಕಡಿಮೆ ಬಿಡುವುದಿಲ್ಲವಲ್ಲ.

ಮೂರನೆಯ ದಿನ ಡೋಪಮೈನ್ ನಿಂತಿತು. ವಾರ್ಡಿಗೆ ಕಳಿಸುವ ಮುಂಚೆ ಮಗ ತಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತ. 103. ಅವನೊಬ್ಬನೇ ನಿಂತಾಗ 64. ಕೇಸ್ ಶೀಟಿನ 60ನ್ನು ಹೊಡೆದು 39 ಎಂದು ಬರೆದು, ಪಕ್ಕದಲ್ಲಿ 'ತೂಗಿದ್ದು' ಎಂದು ಸೇರಿಸಿ ಸಹಿ ಹಾಕಿದೆ.